ಕ್ರೋಶಾ ಕುಪ್ಪಸ ಜೋತು ಬೀಳುವುದೇಕೆ?

ಪ್ರಶ್ನೆ: ಇಳಕಲ್ ಸೀರೆಗೆ ಹೊಂದುವ ಹತ್ತಿ ದಾರದ ಕ್ರೋಶಾ ಕುಪ್ಪಸ ಹೆಣೆದು ಮಾರುತ್ತೇನೆ. ಒಗೆದ ಮೇಲೆ ಜೋತು ಬೀಳುತ್ತವೆ. ಏನು ಮಾಡಲಿ?
– ಓದುಗರು, ಬಾಗಲಕೋಟೆ

ಉತ್ತರ: ಹತ್ತಿಗೆ ಉಣ್ಣೆಯ ಹಾಗೆ ಎಳೆದರೆ ಹಿಂದಕ್ಕೆ ಬರುವ ಗುಣವಿಲ್ಲ, ಒದ್ದೆಯಾದರೆ ಭಾರವೂ ಸೇರುತ್ತದೆ. ತಂತಿಗೆ ನೇತುಹಾಕಿದಿರೋ, ಕೆಟ್ಟಿತು. ಟವೆಲ್‌ನಲ್ಲಿ ಸುತ್ತಿ, ಒತ್ತಿ ನೀರು ತೆಗೆದು, ನೆರಳಲ್ಲಿ ಚಾಪೆ ಮೇಲೆ ಹರವಿ.

ಆದರೆ ಅಳತೆ ತಪ್ಪುವುದು ಅದಕ್ಕೂ ಮೊದಲೇ. 15 ಸೆಂ.ಮೀ. ಚೌಕದ ತುಂಡು ಹೆಣೆದು, ಒಗೆದು ಒಣಗಿಸಿ, ನಡುವಿನ 10 ಸೆಂ.ಮೀ.ಯಲ್ಲಿ ಕುಣಿಕೆ ಎಣಿಸಿ. ಒಗೆಯದ ತುಂಡನ್ನು ನಂಬಲೇಬೇಡಿ. 22 ಬಂದರೆ, 90 ಸೆಂ.ಮೀ. ಎದೆಸುತ್ತಿಗೆ, ಹೆಣಿಗೆ ಜಗ್ಗುವುದಕ್ಕೆಂದು 5 ಕಳೆದು, 85ರ ಲೆಕ್ಕದಲ್ಲಿ 187 ಕುಣಿಕೆ. ಭುಜದ ಹೊಲಿಗೆಯೊಳಗೆ ಹತ್ತಿ ಪಟ್ಟಿ ಕೂಡಿಸಿ, ಭಾರವೆಲ್ಲ ಬೀಳುವುದು ಅಲ್ಲೇ. ಸೂಜಿ ಅರ್ಧ ಮಿ.ಮೀ. ಸಣ್ಣದು ಹಿಡಿದರೂ ಹೆಣಿಗೆ ಬಿಗಿಯಾದೀತು. ನಿಮ್ಮೂರ ಬಿಸಿಲಿಗೆ ಅದಕ್ಕಿಂತ ಬಿಗಿ ಬೇಡ.