ಹಿಮ್ಮುಖವಾಗಿ ಸುತ್ತುವ ಚಂದ್ರ

ಪ್ರಶ್ನೆ: ನೆಪ್ಚೂನ್ ಗ್ರಹವನ್ನು ‘ಹಿಮದೈತ್ಯ’ ಎಂದು ಕರೆಯುವುದೇಕೆ? ಅದರ ದೊಡ್ಡ ಚಂದ್ರ ಟ್ರೈಟನ್ ಹಿಮ್ಮುಖವಾಗಿ ಸುತ್ತುತ್ತದೆ ಎನ್ನುವುದು ನಿಜವೇ?

ಉತ್ತರ: ಹೆಸರು ಕೊಂಚ ದಾರಿ ತಪ್ಪಿಸುವಂಥದ್ದು. ನೆಪ್ಚೂನಿನ ಒಡಲಲ್ಲಿರುವುದು ನಾವು ಬಲ್ಲ ಮಂಜುಗಡ್ಡೆಯಲ್ಲ. ನೀರು, ಅಮೋನಿಯಾ ಮತ್ತು ಮೀಥೇನ್‌ಗಳು ಅಪಾರ ಒತ್ತಡದಲ್ಲಿ ಸಾವಿರಾರು ಡಿಗ್ರಿ ಕಾದು ದಟ್ಟ ದ್ರವದ ರೂಪದಲ್ಲಿವೆ. ಇಂಥ ವಸ್ತುಗಳನ್ನೆಲ್ಲ ಖಗೋಳ ವಿಜ್ಞಾನಿಗಳು ರೂಢಿಯಲ್ಲಿ ‘ಹಿಮ’ ಎನ್ನುವುದರಿಂದ ಆ ಹೆಸರು ಉಳಿದಿದೆ.

ಟ್ರೈಟನ್ ವಿಚಾರ ನಿಜ. ಗ್ರಹದೊಂದಿಗೇ ಹುಟ್ಟಿದ ಚಂದ್ರವು ಸಾಮಾನ್ಯವಾಗಿ ಗ್ರಹ ತಿರುಗುವ ದಿಕ್ಕಿನಲ್ಲೇ ಸುತ್ತುತ್ತದೆ. ಸುಮಾರು 2,700 ಕಿ.ಮೀ. ವ್ಯಾಸದ ಟ್ರೈಟನ್ ಎದುರು ದಿಕ್ಕಿನಲ್ಲಿ ಸುತ್ತುವುದರಿಂದ, ಅದು ಪ್ಲೂಟೊದಂತೆ ಕೈಪರ್ ಪಟ್ಟಿಯಲ್ಲಿದ್ದು (ನೆಪ್ಚೂನಿನಾಚೆ ಸೂರ್ಯನನ್ನು ಸುತ್ತುವ ಹಿಮಕಾಯಗಳ ವಲಯ), ಎಂದೋ ನೆಪ್ಚೂನಿನ ಗುರುತ್ವಕ್ಕೆ ಸೆರೆಸಿಕ್ಕಿತೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಈ ಹಿಮ್ಮುಖ ಚಲನೆಯ ಫಲವಾಗಿಯೇ ಅದು ನಿಧಾನವಾಗಿ ಗ್ರಹದತ್ತ ಸರಿಯುತ್ತಿದ್ದು, ನೂರಾರು ಕೋಟಿ ವರ್ಷಗಳ ನಂತರ ಚೂರಾಗಿ ಉಂಗುರವಾಗಲೂಬಹುದು.

1989ರಲ್ಲಿ ಹತ್ತಿರದಿಂದ ಹಾದುಹೋದ ವಾಯೇಜರ್-2 ನೌಕೆಯು, ಸೊನ್ನೆಗಿಂತ ಸುಮಾರು 235 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಾಪದ ಟ್ರೈಟನ್ ನೆಲದಿಂದ ನೈಟ್ರೋಜನ್ ಅನಿಲವು ಕಪ್ಪು ದೂಳಿನೊಂದಿಗೆ ಸುಮಾರು 8 ಕಿ.ಮೀ. ಎತ್ತರಕ್ಕೆ ಚಿಮ್ಮುವುದನ್ನು ಚಿತ್ರಿಸಿತು. ಅಂಥ ಚಳಿಯಲ್ಲೂ ಬುಗ್ಗೆಗಳೆಂದರೆ ಅಚ್ಚರಿಯೇ ಸರಿ! ಆ ಬಳಿಕ ಬೇರಾವ ನೌಕೆಯೂ ಅಲ್ಲಿಗೆ ಹೋಗಿಲ್ಲ.