ತುಂಬುವುದು ಡ್ಯಾಮೋ, ರಿಸರ್ವಾಯರೋ?

ಡ್ಯಾಂ, ರಿಸರ್ವಾಯರ್ ಎರಡೂ ಒಂದೇ ಅಲ್ಲವೇ, ಇಂಗ್ಲಿಷಿನಲ್ಲಿ ಬರೆಯುವಾಗ ಯಾವುದನ್ನು ಬಳಸಲಿ ಎಂದು ಕೇಳಿದ್ದೀರಿ. ಒಂದೇ ಅಲ್ಲ. ನದಿಗೆ ಅಡ್ಡ ಕಟ್ಟಿದ ಗೋಡೆ ಡ್ಯಾಂ. ಅದರ ಹಿಂದೆ ನಿಂತ ನೀರು ರಿಸರ್ವಾಯರ್. ಅಣೆಕಟ್ಟು, ಜಲಾಶಯ ಇದ್ದ ಹಾಗೆ.

ನಾನು ಪಾಂಡವಪುರದ ಕಡೆಯವನು. ಮಳೆಗಾಲ ಬಂತೆಂದರೆ ನಮ್ಮ ಅಪ್ಪ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಕೆ.ಆರ್.ಎಸ್. ನೀರಿನ ಮಟ್ಟವನ್ನು. ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಬೆರಳಿಟ್ಟು ಓದುತ್ತಾರೆ. ನಾಲೆಗೆ ನೀರು ಬಿಟ್ಟರೆ ತಾನೇ ನಾಟಿ! ಮಟ್ಟ 124.80 ಅಡಿ ಮುಟ್ಟಿದ ದಿನ ‘ಡ್ಯಾಂ ತುಂಬಿತು’ ಎಂದು ಬೀದಿಗೆಲ್ಲ ಹೇಳಿ ಬರುತ್ತಾರೆ. ನಮ್ಮ ಬಾಯಲ್ಲಿ ಅದು ತಪ್ಪೇನಲ್ಲ. ‘ಕಟ್ಟೆ ಒಡೆಯಿತು’ ಎಂದರೆ ಏರಿ, ‘ಕಟ್ಟೆ ತುಂಬಿತು’ ಎಂದರೆ ನೀರು. ಎರಡಕ್ಕೂ ಒಂದೇ ಪದ ಸಾಕು ನಮಗೆ. ದಕ್ಷಿಣ ಆಫ್ರಿಕಾದ ಇಂಗ್ಲಿಷಿನಲ್ಲಿಯೂ ನಿಂತ ನೀರಿಗೇ ಡ್ಯಾಂ ಎನ್ನುತ್ತಾರೆ. ಆದರೆ ಪರೀಕ್ಷೆಯಲ್ಲೋ ವರದಿಯಲ್ಲೋ ತುಂಬಬೇಕಾದದ್ದು ರಿಸರ್ವಾಯರ್.

ಅನುಮಾನ ಬಂದರೆ ಜೊತೆಯ ಕ್ರಿಯಾಪದವನ್ನು ನೋಡಿ. ಕೆ.ಆರ್.ಎಸ್.ನಲ್ಲಿ 1911ರಲ್ಲಿ ಕೆಲಸ ಶುರುವಾಗಿ, ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ (ಸುಣ್ಣ, ಇಟ್ಟಿಗೆ ಪುಡಿ ಕಲಸಿದ ಗಾರೆ) ಎದ್ದು ನಿಂತದ್ದು ಡ್ಯಾಂ. ಬಿರುಕು ಬಿಟ್ಟರೂ ಅದೇ ಬಿಡಬೇಕು. 49.45 ಟಿಎಂಸಿ ನೀರು ಹಿಡಿಯುವುದು, ಬತ್ತುವುದು, ಹೂಳು ತುಂಬಿಕೊಳ್ಳುವುದು ರಿಸರ್ವಾಯರ್. ಕೃಷ್ಣರಾಜಸಾಗರ ಎಂಬ ಹೆಸರಿನ ‘ಸಾಗರ’ವೂ ನೀರಿನದೇ, ಗೋಡೆಯದಲ್ಲ.

ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ‘ಡ್ಯಾಮಿನಲ್ಲಿ ಮುಳುಗಿತು’ ಎನ್ನುತ್ತಿದ್ದರು ನಮ್ಮ ಅಜ್ಜಿ. ಕಲ್ಲುಗೋಡೆಯಲ್ಲಿ ದೇವಸ್ಥಾನ ಹೇಗೆ ಮುಳುಗೀತು? ಮುಳುಗಿದ್ದು ಹಿನ್ನೀರಿನಲ್ಲಿ. ಬರಗಾಲದಲ್ಲಿ ನೀರು ಇಳಿದು ಅದರ ಕಂಬಗಳು ಮೇಲೆ ಕಾಣಿಸಿಕೊಂಡಾಗ ಕುಗ್ಗಿದ್ದು ರಿಸರ್ವಾಯರ್. ಡ್ಯಾಂ ಇದ್ದಷ್ಟೇ ಎತ್ತರ ಇತ್ತು.

ಡ್ಯಾಮಿಲ್ಲದೆಯೂ ರಿಸರ್ವಾಯರ್ ಇರಬಹುದು. ಕೂಡಿಡುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಪದ ಅದು. ಹಾಗಾಗಿ ಊರಿಗೆ ನೀರು ಕೊಡುವ ದೊಡ್ಡ ಟ್ಯಾಂಕಿಗೂ ಸಲ್ಲುತ್ತದೆ, ನೆಲದಡಿಯ ತೈಲ ನಿಕ್ಷೇಪಕ್ಕೂ ಸಲ್ಲುತ್ತದೆ.

ಇನ್ನು, ಬಲಮುರಿಯಲ್ಲಿ ಕಾವೇರಿ ಕಟ್ಟೆಯ ಮೇಲೆಯೇ ಹರಿದು ಬೀಳುತ್ತದಲ್ಲ, ಅದನ್ನು ಡ್ಯಾಂ ಎಂದು ಬರೆಯಬೇಡಿ. ಅಂಥದಕ್ಕೆ ಇಂಗ್ಲಿಷಿನಲ್ಲಿ ಆನಿಕಟ್ ಎಂಬ ಪದವಿದೆ. ಅದೇನು ಪರಕೀಯವಲ್ಲ: ನಮ್ಮ ಅಣೆಕಟ್ಟಿನ ದಾಯಾದಿ, ತಮಿಳಿನ ಅಣೈಕಟ್ಟು, ಕೋಟು ಹಾಕಿಕೊಂಡು ಬಂದದ್ದು.