ವೈಫೈ ಕಾರ್ಡ್ ಬದಲಾಯಿಸಲಾ, ಇಲ್ಲಾ ಹೊಸ ಲ್ಯಾಪ್‌ಟಾಪ್ ತಗೊಳ್ಳಲಾ?

ಎರಡೂ ಬೇಡ. ಈಗಲೇ ಅಂತೂ ಬೇಡವೇ ಬೇಡ.

ಮೊಬೈಲ್‌ಗೆ ವೈಫೈ ಚೆನ್ನಾಗಿ ಬರುತ್ತೆ, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಪದೇ ಪದೇ ಕಟ್ ಆಗುತ್ತೆ, ಅದಕ್ಕೇ ಕಾರ್ಡ್, ಅಂದರೆ ಒಳಗೆ ವೈಫೈ ಹಿಡಿಯೋ ಭಾಗ, ಹೋಗಿದೆ ಅಂತ ಬರೆದಿದ್ದೀರಿ. ನಾನೂ ಇದೇ ಲೆಕ್ಕ ಹಾಕಿ ದುಡ್ಡು ಕಳೆದುಕೊಂಡವನು.

ನನ್ನದೂ ಹೀಗೇ ಶುರುವಾಯಿತು. ವಿಡಿಯೋ ಮೀಟಿಂಗ್ ಮಧ್ಯೆ ಎದುರಿನವರ ಮುಖ ಅಲ್ಲೇ ನಿಂತುಬಿಡೋದು, ದನಿ ತುಂಡು ತುಂಡಾಗಿ ಬರೋದು. ಸಿಗ್ನಲ್ ನೋಡಿದರೆ ಎಲ್ಲ ಗೀಟೂ ತುಂಬಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಡ್ರೈವರ್ ಕಿತ್ತು ಮತ್ತೆ ಹಾಕಿದೆ. ನೆಟ್‌ವರ್ಕ್ ರೀಸೆಟ್ ಕೊಟ್ಟೆ. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದೆ. ಪ್ರತಿ ಸಲವೂ ಸ್ವಲ್ಪ ಹೊತ್ತು ಸರಿಹೋದ ಹಾಗೆ ಕಾಣೋದು, ಮತ್ತೆ ಅದೇ ಕಥೆ.

ರಿಪೇರಿಯವರ ಹತ್ತಿರ ತಗೊಂಡು ಹೋದೆ. ಏನು ತೊಂದರೆ ಅಂತ ಅವರು ಕೇಳಿದಾಗ "ವೈಫೈ ಕಾರ್ಡ್ ಹೋಗಿದೆ, ಬೇರೆ ಹಾಕಿಕೊಡಿ" ಅಂದೆ. ನಾನು ಮಾಡಿದ ತಪ್ಪು ಇದೇ. ತೊಂದರೆ ಏನು ಅಂತ ಹೇಳೋ ಬದಲು ತೀರ್ಪು ಹೇಳಿಬಿಟ್ಟೆ. ಯಾವಾಗ ಕಟ್ ಆಗುತ್ತೆ, ಎಲ್ಲಿ ಕೂತಾಗ, ಏನೇನು ಚುಚ್ಚಿದ್ದಾಗ, ಇದ್ಯಾವುದನ್ನೂ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಹೇಳಿದ ಕೆಲಸ ಮಾಡಿಕೊಟ್ಟರು. ಅಲ್ಲೇ ಆನ್ ಮಾಡಿ ತೋರಿಸಿದರು, ನೆಟ್ ಭರ್ಜರಿಯಾಗಿ ಓಡಿತು. ಅಲ್ಲಿ ಟೇಬಲ್ ಮೇಲೆ ಲ್ಯಾಪ್‌ಟಾಪ್ ಒಂದೇ ಇತ್ತು ಅನ್ನೋದು ಆಗ ನನ್ನ ಗಮನಕ್ಕೇ ಬರಲಿಲ್ಲ. ಹಳೇ ಕಾರ್ಡನ್ನೇ ಉಳಿಸಿಕೊಂಡು ಆನ್ ಮಾಡಿದ್ದರೂ ಹಾಗೇ ಓಡುತ್ತಿತ್ತು. ಮನೆಗೆ ಬಂದು ನನ್ನ ಮೇಜಿನ ಮೇಲಿಟ್ಟು ಎಲ್ಲ ವೈರ್ ಸಿಕ್ಕಿಸಿದೆ. ಮತ್ತೆ ಕಟ್.

ಅಸಲಿ ಕಾರಣ ಗೊತ್ತಾಗಿದ್ದು ಪಿಂಗ್ ಓಡಿಸಿದಾಗ. ಕಮಾಂಡ್ ಪ್ರಾಂಪ್ಟ್ ತೆಗೆದು ಪಿಂಗ್ ಅಂತ ಟೈಪ್ ಮಾಡಿ, ಮುಂದೆ ಹೈಫನ್ ಟಿ, ಆಮೇಲೆ ರೂಟರ್ ವಿಳಾಸ ಕೊಡಿ. ನನ್ನ ರೂಟರ್‌ದು 192.168.1.1. ನಿಮ್ಮದು ಬೇರೆ ಇರಬಹುದು, ವೈಫೈ ವಿವರಗಳಲ್ಲಿ ಡೀಫಾಲ್ಟ್ ಗೇಟ್‌ವೇ ಅಂತ ಇರುತ್ತೆ. ಒಂದು ಸಣ್ಣ ಸಂದೇಶ ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ ಹೋಗಿ ಬರೋಕೆ ಎಷ್ಟು ಹೊತ್ತಾಯಿತು ಅಂತ ಒಂದೊಂದೇ ಸಾಲು ಬರುತ್ತಾ ಹೋಗುತ್ತೆ. ನನಗೆ ಬರುತ್ತಿದ್ದ ಅಂಕಿಗಳೆಲ್ಲ ನೂರಾರು ಮಿಲಿಸೆಕೆಂಡು, ನಡುನಡುವೆ ರಿಕ್ವೆಸ್ಟ್ ಟೈಮ್ಡ್ ಔಟ್, ಅಂದರೆ ಉತ್ತರವೇ ಬರಲಿಲ್ಲ ಅಂತ. ಆ ಹೊತ್ತಿಗೆ ಬ್ಯಾಕಪ್ ಹಾರ್ಡ್ ಡಿಸ್ಕ್‌ಗೆ ಫೋಟೋಗಳನ್ನು ಹಾಕೋದು ಮುಗಿದಿತ್ತು, ಡಿಸ್ಕ್ ಕಿತ್ತೆ. ಮುಂದಿನ ಸಾಲಿನಿಂದಲೇ 3, 2, 3. ಮತ್ತೆ ಸಿಕ್ಕಿಸಿದೆ, ನೂರಾರು. ಕಿತ್ತೆ, 2.

ಹಾರ್ಡ್ ಡಿಸ್ಕ್ ಯುಎಸ್‌ಬಿ 3.0. ಅದು ಸಿಕ್ಕಿಸಿ ಓಡುತ್ತಿರುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಹೊಮ್ಮುತ್ತೆ, ಹಳೇ ವೈಫೈ ಬ್ಯಾಂಡ್, ಅಂದರೆ ವೈಫೈ ಓಡೋ ರೇಡಿಯೋ ತರಂಗಗಳ ಪಟ್ಟಿ, ಇರೋದೂ ಅಲ್ಲೇ. ಮಿಕ್ಸಿ ತಿರುಗುವಾಗ ಪಕ್ಕದಲ್ಲಿ ಯಾರೋ ಪಿಸುಗುಟ್ಟಿದರೆ ಕೇಳಿಸುತ್ತಾ? ಹಾಗೆ. ಇಂಟೆಲ್‌ನವರು 2012ರಲ್ಲೇ ಇದರ ಬಗ್ಗೆ ತಾಂತ್ರಿಕ ವರದಿ ಹೊರಡಿಸಿದ್ದಾರೆ. ಕೇಬಲ್‌ಗೆ ಒಳ್ಳೇ ಶೀಲ್ಡಿಂಗ್ (ಗದ್ದಲ ಹೊರಗೆ ಬಾರದಂತೆ ತಡೆಯೋ ಹೊದಿಕೆ) ಇಲ್ಲದಿದ್ದರೆ, ಪೋರ್ಟ್ ಆಂಟೆನಾ ಹತ್ತಿರ ಇದ್ದರೆ ತೊಂದರೆ ಇನ್ನೂ ಜಾಸ್ತಿ. ಯುಎಸ್‌ಬಿ ಹಬ್, ಡಾಕ್ ಇವುಗಳಿಂದಲೂ ಆಗುತ್ತೆ. ನಾನು ರೂಟರ್‌ನ 5 ಗಿಗಾಹರ್ಟ್ಸ್ ಹೆಸರಿಗೆ ಕನೆಕ್ಟ್ ಮಾಡಿಕೊಂಡೆ, ಡಿಸ್ಕನ್ನು ಉದ್ದ ಕೇಬಲ್‌ನಲ್ಲಿ ದೂರ ಇಟ್ಟೆ. ಅಷ್ಟೇ.

ನಿಮ್ಮ ಮೊಬೈಲ್ ವಾದ ನಿಲ್ಲದಿರೋದೂ ಇದಕ್ಕೇ. ಮೊಬೈಲ್ 5 ಗಿಗಾಹರ್ಟ್ಸ್‌ನಲ್ಲಿ ಕೂತಿರಬಹುದು, ಲ್ಯಾಪ್‌ಟಾಪ್ 2.4ರಲ್ಲಿ. ಎರಡೂ ಬೇರೆ ಬೇರೆ ದಾರಿ. ಎರಡನ್ನೂ ಒಂದೇ ಬ್ಯಾಂಡ್‌ಗೆ ಹಾಕಿ, ಒಂದೇ ಜಾಗದಲ್ಲಿಟ್ಟು ನೋಡದೆ ಹೋಲಿಸೋ ಹಾಗೇ ಇಲ್ಲ.

ಈಗ ನೀವು ಮಾಡಬೇಕಾದ್ದು: ಲ್ಯಾಪ್‌ಟಾಪ್‌ಗೆ ಚುಚ್ಚಿರೋ ಎಲ್ಲವನ್ನೂ ಕೀಳಿ, ಮೌಸ್ ಡಾಂಗಲ್ ಕೂಡ. ರೂಟರ್ ಇರೋ ಕೋಣೆಯಲ್ಲೇ ಕೂತು ಪಿಂಗ್ ಓಡಿಸಿ. ರೂಟರ್‌ಗೆ ಸರಿಯಾಗಿ ಹೋಗಿ ಬರುತ್ತಿದ್ದು, ಇಂಟರ್ನೆಟ್‌ನಲ್ಲಿರೋ ಗೂಗಲ್ ಸರ್ವರ್ ವಿಳಾಸ 8.8.8.8ಕ್ಕೆ ಕೊಟ್ಟಾಗ ಮಾತ್ರ ಒದ್ದಾಡಿದರೆ ಲ್ಯಾಪ್‌ಟಾಪ್ ಮೇಲೆ ಅನುಮಾನ ಬಿಡಿ. ಆಗ ರೂಟರ್‌ನಿಂದಾಚೆಗಿನ ಲೈನ್ ನೋಡಬೇಕು. ರೂಟರ್‌ಗೇ ಒದ್ದಾಡಿದರೆ ಬ್ಯಾಂಡ್ ಬದಲಾಯಿಸಿ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ತೆರೆದು ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ದರೆ, ಕರೆಂಟ್ ಉಳಿಸೋಕೆ ಇದನ್ನು ಆಫ್ ಮಾಡಬಹುದು ಅನ್ನೋ ಟಿಕ್ ತೆಗೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಪಿಂಗ್. ನನ್ನ ಹಾಗೆ ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅನ್ನೋದೇ ಗೊತ್ತಾಗಲ್ಲ.

ವಿಂಡೋಸ್ ರೀಇನ್‌ಸ್ಟಾಲ್ ಮಾಡಬೇಡಿ, ಅದು ಸುಮ್ನೆ ಶ್ರಮ. ಬದಲಿಗೆ ಪೆನ್‌ಡ್ರೈವ್‌ನಲ್ಲಿ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಪುಕ್ಕಟೆ) ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ. ಅಲ್ಲಿ ವೈಫೈ ಗಟ್ಟಿಯಾಗಿ ನಿಂತರೆ ಕಾರ್ಡ್ ಚೆನ್ನಾಗಿದೆ, ಗಲಾಟೆ ಇರೋದು ವಿಂಡೋಸ್‌ನಲ್ಲೋ ಡ್ರೈವರ್‌ನಲ್ಲೋ.

ಇನ್ನೊಂದು ವಿಷಯ. ಇತ್ತೀಚೆಗೆ ಬ್ಯಾಟರಿಗೋ ಎಸ್‌ಎಸ್‌ಡಿಗೋ ಲ್ಯಾಪ್‌ಟಾಪ್ ಬಿಚ್ಚಿಸಿದ್ದೀರಾ? ಸಾಮಾನ್ಯವಾಗಿ ವೈಫೈ ಕಾರ್ಡ್‌ನಿಂದ ಎರಡು ತೆಳು ತಂತಿ ಹೊರಟು ಆಂಟೆನಾಗೆ ಹೋಗುತ್ತವೆ. ಎಷ್ಟೋ ಮಾಡೆಲ್‌ಗಳಲ್ಲಿ ಹಿಂಜ್ ಒಳಗಿಂದ ಹಾದು ಪರದೆಯ ಅಂಚಿನವರೆಗೂ ಹೋಗುತ್ತವೆ. ಅವುಗಳ ತುದಿ ಅಕ್ಕಿಕಾಳಿಗಿಂತ ಚಿಕ್ಕದು, ಟಿಚ್ ಬಟನ್ ಥರ ಒತ್ತಿ ಕೂರಿಸೋದು. ಒಂದು ಕಳಚಿದರೂ ರೂಟರ್ ಪಕ್ಕದಲ್ಲಿ ನೆಟ್ ಬರುತ್ತೆ, ಪಕ್ಕದ ಕೋಣೆಗೆ ಹೋದರೆ ಸತ್ತುಹೋಗಬಹುದು. ನಿಮಗೆ ಹೀಗೆ ಆಗುತ್ತಿದ್ದರೆ ಹೊಸ ಕಾರ್ಡ್ ಹಾಕಿಸೋ ಮೊದಲು ಆ ತಂತಿ ನೋಡಿಸಿ.

ಇಷ್ಟೆಲ್ಲ ಆದಮೇಲೂ ಬರೀ ಲ್ಯಾಪ್‌ಟಾಪ್, ರೂಟರ್ ಪಕ್ಕದಲ್ಲಿ, ಉಬುಂಟುವಿನಲ್ಲೂ ಕಟ್ ಆದರೆ ಯಾರಿಂದಾದರೂ ಯುಎಸ್‌ಬಿ ವೈಫೈ ಅಡಾಪ್ಟರ್ ಒಂದು ದಿನದ ಮಟ್ಟಿಗೆ ಇಸ್ಕೊಳ್ಳಿ. ಅದರಲ್ಲಿ ಸರಿಯಾಗಿ ಓಡಿದರೆ ಕಾರ್ಡ್ ಅಥವಾ ಆಂಟೆನಾ ಅಂತ ಧೈರ್ಯವಾಗಿ ಹೇಳಬಹುದು. ಆಗ ರಿಪೇರಿಯವರನ್ನು ಮೊದಲು ಕೇಳಬೇಕಾದ್ದು: ನಿಮ್ಮ ಮಾಡೆಲ್‌ನಲ್ಲಿ ಕಾರ್ಡ್ ಕಿತ್ತು ಹಾಕೋ ಥರದ್ದಾ, ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ್ದಾ? ಬೆಸುಗೆಯದ್ದಾದರೆ ಬೋರ್ಡ್ ಬದಲಾಯಿಸೋಕೆ ಒಪ್ಪಬೇಡಿ, ಆ ಅಡಾಪ್ಟರ್‌ನಂಥದ್ದೇ ಒಂದು ಕೊಂಡುಕೊಳ್ಳಿ. ಕಿತ್ತು ಹಾಕೋದಾದರೆ ಮಾತ್ರ ಕಾರ್ಡ್ ಹಾಕಿಸಿ. ಹಾಕಿಸಿದ ಮೇಲೆ ಮನೆಯಲ್ಲಿ ಬಳಸೋ ಹಾರ್ಡ್ ಡಿಸ್ಕ್, ಹಬ್ ಎಲ್ಲ ಅಲ್ಲೇ ಸಿಕ್ಕಿಸಿ, ಪಿಂಗ್ ಓಡಿಸಿ ನೋಡಿಯೇ ದುಡ್ಡು ಕೊಡಿ.